ಕ್ಷೀಣ ದನಿಗೆ ಕಿವಿಗೊಟ್ಟವರು

ಅಮೆರಿಕದ ನಾಸಾ 1978ರಲ್ಲಿ ಹಾರಿಸಿದ ಐಎಸ್‌ಇಇ-3 ನೌಕೆಯು 2014ರಲ್ಲಿ ಭೂಮಿಯ ಬಳಿಗೆ ಮರಳುತ್ತಿತ್ತು. ಅದರ ಕ್ಷೀಣ ದನಿ ಕೇಳುತ್ತಿತ್ತು. ಆದರೆ ಅದಕ್ಕೆ ಮರುನುಡಿಯುವ ಪ್ರೇಷಕಗಳನ್ನು 1999ರಲ್ಲೇ ಕಳಚಿಹಾಕಲಾಗಿತ್ತು. ಆಗ ಖಾಸಗಿ ತಂಡವೊಂದು ಹಳೆಯ ಕಡತಗಳನ್ನು ಓದಿ, ಮರೆಯಾದ ಯಂತ್ರಗಳ ಕೆಲಸವನ್ನು ಗಣಕದ ತಂತ್ರಾಂಶದಿಂದಲೇ ನಡೆಯುವ ರೇಡಿಯೋಗೆ ಕಲಿಸಿತು. ಆದರೇನು, ಆಂಟೆನಾ ಹಿಡಿಯದ ದನಿಯನ್ನು ತಂತ್ರಾಂಶವು ಸೃಷ್ಟಿಸಲಾರದು. ಆದ್ದರಿಂದ ಅವರು ಪೋರ್ಟೊರಿಕೊದ ಅರೆಸಿಬೊದಲ್ಲಿದ್ದ 305 ಮೀಟರ್ ವ್ಯಾಸದ ತಟ್ಟೆಯನ್ನು ಆಶ್ರಯಿಸಿದರು. ಮೇ 29ರಂದು ನೌಕೆ ಓಗೊಟ್ಟಿತು!

ಅದರ ಪಥ ಬದಲಿಸುವ ಯತ್ನವು ಜುಲೈಯಲ್ಲಿ ವಿಫಲವಾಯಿತು. ಸೆಪ್ಟೆಂಬರ್‌ನಲ್ಲಿ ದನಿಯೂ ಅಡಗಿತು. ಆ ಮಹಾ ತಟ್ಟೆಯೂ 2020ರ ಡಿಸೆಂಬರ್‌ನಲ್ಲಿ ಕುಸಿದು ನಾಶವಾಯಿತು.

ಪ್ರಿಯ ಶಿಷ್ಯರೇ, ನಿಮ್ಮ ರೇಡಿಯೋದ ದನಿ ಕ್ಷೀಣಿಸಿದರೆ ತಂತ್ರಾಂಶವನ್ನು ದೂರುವ ಮೊದಲು ಆಂಟೆನಾವನ್ನು ಪರೀಕ್ಷಿಸಿರಿ. ಹಳೆಯ ಕಡತಗಳನ್ನು ಮಾತ್ರ ಎಂದಿಗೂ ಎಸೆಯದಿರಿ.