2⁶⁷ − 1: ಅಪವರ್ತನಕ್ಕೆ ಮೊದಲೇ ಬಂದ ತೀರ್ಪು

2ರ ಯಾವ ಘಾತಗಳಿಂದ 1 ಕಳೆದರೆ ಅವಿಭಾಜ್ಯ ಸಿಗುತ್ತದೆಂದು ಮರೆನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನಂಬಿದರೆ 2⁶⁷ − 1, ಅಂದರೆ 147573952589676412927, ಅವಿಭಾಜ್ಯ ಸಂಖ್ಯೆ. ಆ ಪಟ್ಟಿಯಲ್ಲಿ 67 ಮತ್ತು 257 ಎಂಬ ಘಾತಾಂಕಗಳು ಸಲ್ಲದೆ ಸೇರಿವೆ. 61, 89, 107 ಬಿಟ್ಟುಹೋಗಿವೆ. ಈ ದೋಷಗಳಿಗಿಂತ ಕುತೂಹಲಕರವಾದದ್ದು 67ರ ಮುಂದಿನ ಕಥೆ. 1876ರಲ್ಲಿ ಎಡ್ವರ್ಡ್ ಲ್ಯೂಕಾಸ್ ಈ ಸಂಖ್ಯೆ ಸಂಯುಕ್ತವೆಂದು ತೋರಿಸಿದರು, ಒಂದೇ ಒಂದು ಅಪವರ್ತನವನ್ನೂ ಕೊಡದೆ. ಒಡೆಯುತ್ತದೆಂದು ತಿಳಿಯುವುದಕ್ಕೂ ಒಡೆದು ತೋರಿಸುವುದಕ್ಕೂ ನಡುವೆ 27 ವರ್ಷ ಕಳೆದವು. ಇವೆರಡೂ ಬೇರೆ ಬೇರೆ ಬಗೆಯ ಅರಿವು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನನಗೆ ಕಾಣದು.

ಹುಡುಕುವವರು ಬರಿಗೈಯಲ್ಲೇನೂ ಇರಲಿಲ್ಲ. ಈ ಸಂಖ್ಯೆಯ ಒಂದು ಅವಿಭಾಜ್ಯ ಅಪವರ್ತನ ಪ ಆಗಿರಲಿ. 2⁶⁷ನ್ನು ಪದಿಂದ ಭಾಗಿಸಿದರೆ ಶೇಷ 1. 67 ತಾನೇ ಅವಿಭಾಜ್ಯವಾದ್ದರಿಂದ 2ರ ಅದಕ್ಕಿಂತ ಕಿರಿಯ ಧನ ಘಾತ ಯಾವುದೂ ಈ ಶೇಷವನ್ನು ಕೊಡಲಾರದು. ಹಾಗಾಗಿ ಫರ್ಮಾನ ಕಿರು ಪ್ರಮೇಯದ ಪ್ರಕಾರ ಪ − 1ನ್ನು 67 ನಿಶ್ಶೇಷವಾಗಿ ಭಾಗಿಸಲೇಬೇಕು. ಪ ಬೆಸಸಂಖ್ಯೆ; ಆದ್ದರಿಂದ ಪ = 134ಕ + 1, ಇಲ್ಲಿ ಕ ಒಂದು ಪೂರ್ಣಾಂಕ. ಇನ್ನೊಂದು ಹೆಜ್ಜೆ ಮುಂದಿಟ್ಟರೆ, 2⁶⁸ರ ಶೇಷ 2. ಎಂದರೆ ಪ ಎಂಬುದರಿಂದ ಭಾಗಿಸಿದ ಶೇಷಗಳ ಮಟ್ಟಿಗೆ 2³⁴ ಎಂಬುದು 2ರ ವರ್ಗಮೂಲ. ಹೀಗಾಗಬೇಕಾದರೆ ಪವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡು ನಿಬಂಧನೆಗಳನ್ನೂ ಕೂಡಿಸಿದರೆ, ಕವನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1.

ಇಷ್ಟು ಸೋಸಿದರೂ ವರ್ಗಮೂಲದ ತನಕ, ಅಂದರೆ ಸುಮಾರು 1215 ಕೋಟಿಯವರೆಗೆ, ನಾಲ್ಕೂವರೆ ಕೋಟಿ ಅಭ್ಯರ್ಥಿಗಳು ಉಳಿಯುತ್ತವೆ. ಕೈಲೆಕ್ಕದ ಕಾಲದಲ್ಲಿ ಅದು ಆಗದ ಮಾತು.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಸೇರಿದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಗೆ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ತಂದರು: 193707721 × 761838257287. ಅವರು ಮಾತೇ ಆಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿದರು, ಇದಕ್ಕಾಗಿ ಮೂರು ವರ್ಷದ ಭಾನುವಾರಗಳನ್ನು ವ್ಯಯಿಸಿದ್ದರು ಎಂಬುದು ಇ. ಟಿ. ಬೆಲ್ ಹೇಳಿದ ಕಥೆ. ಬೆಲ್ ರಸವತ್ತಾಗಿ ಹೇಳುವ ಲೇಖಕ. ಎಚ್ಚರದಿಂದ ಓದುವುದು ಲೇಸು. ಗುಣಲಬ್ಧಕ್ಕೆ ಮಾತ್ರ ಸಾಕ್ಷಿ ಬೇಕಿಲ್ಲ. ಮೊದಲ ಅಪವರ್ತನಕ್ಕೆ ಕ = 1445580, 4ರಿಂದ ಭಾಗಿಸಿದರೆ ಶೇಷ 0; ಎರಡನೆಯದಕ್ಕೆ ಕ = 5685360129, ಶೇಷ 1. ಎರಡು ನಿಬಂಧನೆಗಳೂ ಸರಿಹೊಂದುತ್ತವೆ.

ಅಪವರ್ತನವಿಲ್ಲದೆ ತೀರ್ಪು ಪಡೆಯಲು, ಸಂಖ್ಯೆಗಿಂತ 1 ಕಡಿಮೆಯಾದ ಘಾತದ ಶೇಷ 1 ಆಗುತ್ತದೆಯೇ ಎಂದು ನೋಡುವ ಫರ್ಮಾನ ಪರೀಕ್ಷೆಯನ್ನು 2ನ್ನು ಆಧಾರವಾಗಿಟ್ಟು ಮಾಡಿದ್ದರೆ ಈ ಸಂಖ್ಯೆ ನಮ್ಮನ್ನು ಏಮಾರಿಸುತ್ತಿತ್ತು. ಇದರಲ್ಲಿ 1 ಕಳೆದರೆ ಉಳಿಯುವುದು 2(2⁶⁶ − 1). ಅದು 67ರ ಗುಣಕ. ಹೀಗಾಗಿ 2ರ ಆ ಘಾತವನ್ನು ಮೂಲ ಸಂಖ್ಯೆಯಿಂದ ಭಾಗಿಸಿದರೆ 1 ಉಳಿದೇ ಉಳಿಯುತ್ತದೆ. ಲ್ಯೂಕಾಸರ ವಿಧಾನವನ್ನು ಮುಂದೆ ಲೆಹ್ಮರ್ ಹದಗೊಳಿಸಿದರು: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು ಶೇಷ ತೆಗೆಯುವುದನ್ನು 65 ಸಲ ಮಾಡಬೇಕು, ಕೊನೆಗೆ ಸೊನ್ನೆ ಬಾರದಿದ್ದರೆ ಸಂಖ್ಯೆ ಸಂಯುಕ್ತ. 2002ರಲ್ಲಿ ಕಾನ್ಪುರದ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ ರೂಪಿಸಿದ, ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ವಿಧಾನವೂ ತೀರ್ಪನ್ನಷ್ಟೇ ಕೊಡುತ್ತದೆ, ಅಪವರ್ತನಗಳನ್ನಲ್ಲ. 385 ಅಂಕಿಗಳ 2¹²⁷⁷ − 1 ಸಂಯುಕ್ತವೆಂದು ಎಂದೋ ಸಾಬೀತಾಗಿದ್ದರೂ 2024ರವರೆಗೆ ಅದರ ಒಂದು ಅಪವರ್ತನವೂ ಸಿಕ್ಕಿರಲಿಲ್ಲ.