ಸಾಕೋದೂ ಅದೇ, ಸಾಯಿಸೋದೂ ಅದೇ: ಐಎಲ್-2 ಕಥೆ

ನಾನು ಓದಿದ್ದು ಬಿಕಾಂ. ಪ್ರತಿ ವ್ಯವಹಾರಕ್ಕೂ ಒಂದು ಡೆಬಿಟ್, ಒಂದು ಕ್ರೆಡಿಟ್ ಇರುತ್ತೆ ಅನ್ನೋದು ನಮಗೆ ಮೊದಲ ಪಾಠ. ನಮ್ಮ ಮೈಯೊಳಗಿನ ಒಂದು ಪ್ರೋಟೀನ್ ಕೂಡ ಹೀಗೇ ಎರಡು ಕಡೆ ಲೆಕ್ಕ ಬರೆಯುತ್ತೆ. ವಿಜ್ಞಾನಿಗಳು ಮೊದಲು ನೋಡಿದ್ದು ಒಂದೇ ಕಡೆ.

ಟಿ ಸೆಲ್ ಅಂದ್ರೆ ಒಂದು ಬಗೆಯ ಬಿಳಿ ರಕ್ತಕಣ. ವೈರಸ್ ಹೊಕ್ಕ ಜೀವಕೋಶಗಳನ್ನ ಹುಡುಕಿ ಕೊಲ್ಲೋದು ಇದರ ಕೆಲಸಗಳಲ್ಲೊಂದು. ಆದ್ರೆ ದೇಹದ ಹೊರಗೆ ಇವನ್ನ ಬೆಳೆಸೋದು ತುಂಬಾ ಕಷ್ಟವಾಗಿತ್ತು, ಸ್ವಲ್ಪ ದಿನಕ್ಕೇ ಸತ್ತುಹೋಗ್ತಿದ್ವು. 1976ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರಸ್ಸೆಟ್ಟಿ ಮತ್ತು ರಾಬರ್ಟ್ ಗ್ಯಾಲೋ, ಪ್ರಚೋದಿತ ಬಿಳಿ ರಕ್ತಕಣಗಳು ಬಿಟ್ಟ ದ್ರವ ಹಾಕಿದ್ರೆ ಟಿ ಸೆಲ್‌ಗಳು ತಿಂಗಳುಗಟ್ಟಲೆ ಬೆಳೆಯುತ್ತವೆ ಅಂತ ತೋರಿಸಿದ್ರು. ಆ ದ್ರವದಲ್ಲಿದ್ದ ಅಂಶಕ್ಕೆ ‘ಟಿ ಸೆಲ್ ಬೆಳವಣಿಗೆ ಅಂಶ’ ಅಂತ ಹೆಸರು ಬಿತ್ತು. ಆಮೇಲೆ ಅದೇ ಇಂಟರ್‌ಲ್ಯೂಕಿನ್-2, ಚಿಕ್ಕದಾಗಿ ಐಎಲ್-2 ಆಯ್ತು. 1983ರಲ್ಲಿ ಜಪಾನಿನ ತಡತ್ಸುಗು ತನಿಗುಚಿ ತಂಡ ಅದರ ಜೀನ್ ಪ್ರತ್ಯೇಕಿಸಿತು.

ಬೆಳೆಸುತ್ತೆ ಅಂದ್ಮೇಲೆ ಜಾಸ್ತಿ ಕೊಟ್ರೆ ಕ್ಯಾನ್ಸರ್ ಜೊತೆ ಚೆನ್ನಾಗಿ ಹೋರಾಡಬಹುದಲ್ವಾ? ಸರ್ಜನ್ ಸ್ಟೀವನ್ ರೋಸನ್‌ಬರ್ಗ್ ಹಿಡಿದಿದ್ದು ಇದೇ ದಾರಿ. ಶುರುವಿನ ರೋಗಿಗಳಲ್ಲಿ ಫಲ ಸಿಗಲಿಲ್ಲ. 1984ರಲ್ಲಿ ಚರ್ಮದ ಕ್ಯಾನ್ಸರ್ ಮೈಯೆಲ್ಲ ಹರಡಿದ್ದ ಒಬ್ಬ ಮಹಿಳೆಗೆ ಭಾರೀ ಡೋಸ್ ಕೊಟ್ರು. ಗಡ್ಡೆಗಳು ಕರಗಿಹೋದವು. 1992ರಲ್ಲಿ ಹರಡಿದ ಕಿಡ್ನಿ ಕ್ಯಾನ್ಸರ್‌ಗೆ ಇದು ಅಮೆರಿಕದಲ್ಲಿ ಅಧಿಕೃತ ಔಷಧಿಯಾಯ್ತು. ಆದ್ರೆ ಗುಣ ಕಂಡವರು ಕೆಲವರೇ. ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ ಆಗ್ತಿತ್ತು.

ಈ ನಡುವೆ ಲ್ಯಾಬ್‌ನಲ್ಲಿ ಇನ್ನೊಂದು ಅಚ್ಚರಿ. 1991ರಲ್ಲಿ ಮೈಕೆಲ್ ಲೆನಾರ್ಡೊ ಒಂದು ವಿಷಯ ತೋರಿಸಿದ್ರು: ಐಎಲ್-2 ಕುಡಿದು ಬೆಳೆದ ಇಲಿಯ ಟಿ ಸೆಲ್‌ಗೆ ಶತ್ರು ಮತ್ತೆ ಎದುರಾದ್ರೆ, ಅದು ಬೆಳೆಯೋ ಬದಲು ತನ್ನನ್ನ ತಾನೇ ಕೊಂದುಕೊಳ್ಳುತ್ತೆ. ಇತ್ತ ಐಎಲ್-2 ಸಿಗದೇ ಹೋದ್ರೂ ಉಪವಾಸದಿಂದ ಸಾಯುತ್ತೆ. ಯುದ್ಧ ಮುಗಿದ್ಮೇಲೂ ಕೋಟಿಗಟ್ಟಲೆ ಸೈನಿಕರು ಊರಲ್ಲೇ ಉಳಿದ್ರೆ ಊರಿಗೇ ಆಪತ್ತು, ಅದಕ್ಕೇ ಈ ವ್ಯವಸ್ಥೆ.

1993ರಲ್ಲಿ ಪಕ್ಕಾ ಸಾಕ್ಷಿ ಸಿಕ್ಕಿತು. ಐಎಲ್-2 ಜೀನ್ ಇಲ್ಲದ ಇಲಿಗಳಿಗೆ ರೋಗನಿರೋಧಕ ಶಕ್ತಿ ಕುಂದಬೇಕಿತ್ತು. ಆದ್ರೆ ಅವುಗಳ ಟಿ ಸೆಲ್‌ಗಳು ಹದ್ದುಮೀರಿ ತಮ್ಮದೇ ಕರುಳಿನ ಮೇಲೆ ಬಿದ್ದವು.

ಕಾರಣದ ಇನ್ನೊಂದು ಭಾಗ ಕೊಟ್ಟಿದ್ದು ಜಪಾನಿನ ಶಿಮೊನ್ ಸಾಕಾಗುಚಿ. ಉಳಿದ ಟಿ ಸೆಲ್‌ಗಳನ್ನ ತಡೆಯೋ ‘ಕಾವಲು’ ಟಿ ಸೆಲ್‌ಗಳನ್ನ ಅವರು 1995ರಲ್ಲಿ ಗುರುತಿಸಿದ್ರು. ಗುರುತಿಸಿದ್ದು ಹೇಗೆ? ಅವುಗಳ ಮೈಮೇಲಿನ ಸಿಡಿ25 ಅನ್ನೋ ಪ್ರೋಟೀನ್‌ನಿಂದ. ಅದು ಐಎಲ್-2 ಹಿಡಿಯೋ ಕೈ! ಐಎಲ್-2 ಇಲ್ಲ ಅಂದ್ರೆ ಕಾವಲುಗಾರರೇ ಉಳಿಯಲ್ಲ. ಸಾಕಾಗುಚಿಗೆ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆ, 2025ರ ನೊಬೆಲ್ ಬಂತು.

ಇದರಿಂದ ರೋಗಿಗೇನು ಲಾಭ? ಮೂಳೆಮಜ್ಜೆ ಕಸಿ ಆದ ಕೆಲವರಲ್ಲಿ ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ದಾಳಿ ಮಾಡುತ್ತವೆ. 2011ರಲ್ಲಿ ಅಂಥವರಿಗೆ ಚೂರೇ ಚೂರು ಐಎಲ್-2 ಕೊಟ್ಟಾಗ ಕಾವಲುಗಾರರು ಹೆಚ್ಚಿದ್ರು, ಹಲವರ ಸ್ಥಿತಿ ಸುಧಾರಿಸಿತು. ಅದೇ ಔಷಧಿ: ಭಾರೀ ಡೋಸ್ ದಾಳಿಗೆ, ಸಣ್ಣ ಡೋಸ್ ಶಾಂತಿಗೆ.

ಹಾಗಾಗಿ ಫ್ರೆಂಡ್ಸ್, ‘ಇಮ್ಯೂನಿಟಿ ಬೂಸ್ಟರ್’ ಅಂತ ಯಾರಾದ್ರೂ ಏನಾದ್ರೂ ಮಾರೋಕೆ ಬಂದ್ರೆ, ‘ಯಾವ ಸೆಲ್‌ನ ಬೂಸ್ಟ್ ಮಾಡುತ್ತೆ, ದಾಳಿಕೋರನನ್ನೋ ಕಾವಲುಗಾರನನ್ನೋ?’ ಅಂತ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.