ಕನ್ನಡ ಚಿತ್ರಗಳಲ್ಲಿ ಭೂಗತ ಲೋಕದ ಪಾತ್ರಗಳು

ಭೂಗತ ಲೋಕದ ವ್ಯಕ್ತಿಯನ್ನು ಕಥೆಯ ಕೇಂದ್ರಕ್ಕೆ ತರುವ ಕನ್ನಡ ಚಿತ್ರಗಳ ಪರಂಪರೆಯಲ್ಲಿ, ನಟರು ಪಾತ್ರದ ನಡೆನುಡಿಯನ್ನು ಎಲ್ಲಿಂದ ಪಡೆದರು ಎಂಬುದು ಮುಖ್ಯ ವಿಚಾರ. ಅಮೆರಿಕದಲ್ಲಿ ಸಿನಿಮಾ ಮತ್ತು ರ‍್ಯಾಪ್, ಅಂದರೆ ತಾಳಕ್ಕೆ ಹೊಂದಿಸಿ ಪ್ರಾಸಬದ್ಧ ಮಾತನ್ನು ವೇಗವಾಗಿ ಒಪ್ಪಿಸುವ ಗಾಯನ, ಪರಸ್ಪರ ಕೊಟ್ಟು ಪಡೆದವು. 1983ರ ‘ಸ್ಕಾರ್‌ಫೇಸ್’ ಚಿತ್ರದ ಹೆಸರನ್ನೇ ಹ್ಯೂಸ್ಟನ್ನಿನ ಗಾಯಕನೊಬ್ಬ ತನ್ನ ಹೆಸರಾಗಿಸಿಕೊಂಡರೆ, ಗಾಯಕ ಟೂಪಾಕ್ ಶಕೂರ್ 1992ರ ‘ಜ್ಯೂಸ್’ ಚಿತ್ರದಲ್ಲಿ ಕೊಲೆಗಡುಕ ತರುಣನಾಗಿ ನಟಿಸಿದ. ಕನ್ನಡದ ದಾರಿ ಬೇರೆ.

ಇಲ್ಲಿ ಮೊದಲ ಮಾದರಿ ಬೆಂಗಳೂರಿನ ರೌಡಿಗಳೇ. ಉಪೇಂದ್ರ ನಿರ್ದೇಶಿಸಿದ ‘ಓಂ’ (1995) ಚಿತ್ರದಲ್ಲಿ ಅರ್ಚಕರ ಮಗನಾದ ಸತ್ಯ ರೌಡಿಯಾಗುವ ಕಥೆಯನ್ನು ಶಿವರಾಜ್‌ಕುಮಾರ್ ಅಭಿನಯಿಸಿದಾಗ, ಅವರ ಸುತ್ತ ಕೆಲವು ನಿಜವಾದ ರೌಡಿಗಳೇ ಬಣ್ಣ ಹಚ್ಚಿದ್ದರು. ಅಗ್ನಿ ಶ್ರೀಧರ್ ತಮ್ಮ ಹಿಂದಿನ ಭೂಗತ ಬದುಕನ್ನು ಬರೆದ ‘ದಾದಾಗಿರಿಯ ದಿನಗಳು’ ಕೃತಿಯನ್ನು ಆಧರಿಸಿ ಕೆ. ಎಂ. ಚೈತನ್ಯ ‘ಆ ದಿನಗಳು’ (2007) ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ 1986ರಲ್ಲಿ ಹತನಾದ ರೌಡಿ ಕೊತ್ವಾಲ್ ರಾಮಚಂದ್ರನಾಗಿ ಶರತ್ ಲೋಹಿತಾಶ್ವ, ಭೂಗತ ದೊರೆ ಜಯರಾಜ್ ಆಗಿ ಆಶಿಶ್ ವಿದ್ಯಾರ್ಥಿ ನಟಿಸಿದರು. ಅದೇ ಜಯರಾಜ್ ಪಾತ್ರವನ್ನು ‘ಹೆಡ್ ಬುಷ್’ (2022) ಚಿತ್ರದಲ್ಲಿ ಧನಂಜಯ ವಹಿಸಿದರು. ಸೂರಿ ನಿರ್ದೇಶನದ ‘ಟಗರು’ (2018) ಚಿತ್ರದ ಡಾಲಿ ಎಂಬ ಖಳಪಾತ್ರದ ಹೆಸರು ಅವರಿಗೆ ಅದಾಗಲೇ ಅಂಟಿಕೊಂಡಿತ್ತು, ಅವರ ನಿರ್ಮಾಣ ಸಂಸ್ಥೆಯ ಹೆಸರೂ ‘ಡಾಲಿ ಪಿಕ್ಚರ್ಸ್’.

ಕರಾವಳಿಯ ಚಿತ್ರಗಳು ತಂದ ಮಾದರಿ ಇನ್ನೂ ಆಳವಾದುದು. ಉಡುಪಿ, ಮಂಗಳೂರುಗಳಲ್ಲಿ ಅಷ್ಟಮಿ ಮತ್ತು ನವರಾತ್ರಿಯ ಕಾಲದಲ್ಲಿ ಮೈಗೆ ಹಳದಿ ಕಪ್ಪು ಪಟ್ಟೆ ಬಳಿದುಕೊಂಡು ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಹುಲಿವೇಷವನ್ನು ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಮಲ್ಪೆಯ ರೌಡಿ ರಿಚ್ಚಿಯ ಕಥೆಯೊಂದಿಗೆ ಹೆಣೆಯಿತು. ‘ಗರುಡ ಗಮನ ವೃಷಭ ವಾಹನ’ (2021) ಚಿತ್ರದಲ್ಲಿ ರಾಜ್ ಬಿ. ಶೆಟ್ಟಿ ಅಭಿನಯಿಸಿದ ಶಿವ, ಮಂಗಳಾದೇವಿ ಪರಿಸರದ ಮಿತಭಾಷಿ ರೌಡಿ, ಕೊಲೆಯ ಬೆನ್ನಲ್ಲೇ ಹುಲಿಯ ಹೆಜ್ಜೆ ಹಾಕುತ್ತಾನೆ. ಮೈಗೆ ಬಣ್ಣವಿಲ್ಲ, ಮುಖವಾಡವಿಲ್ಲ. ಬಾಗಿದ ಬೆನ್ನು, ಪಂಜದಂತೆ ಚಾಚಿದ ಬೆರಳುಗಳು ಮಾತ್ರ ಇವೆ. ಭಕ್ತಿಯ ಕುಣಿತವೊಂದು ಹಿಂಸೆಯ ಭಾಷೆಯಾಗುವುದನ್ನು ಕನ್ನಡದ ಬೇರಾವ ನಟನೂ ಇಷ್ಟು ನಿಖರವಾಗಿ ತೋರಿಸಿಲ್ಲ.

ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಜನಪ್ರಿಯವಾದ ಕನ್ನಡ ರ‍್ಯಾಪ್ ಹೆಚ್ಚಾಗಿ ಮೋಜು, ಗೆಳೆತನ, ನಾಡಪ್ರೇಮಗಳ ಹಾಡಾಗಿ ಬೆಳೆದುದರಿಂದ ರೌಡಿ ಪಾತ್ರಕ್ಕೆ ಅದು ಅಮೆರಿಕದಲ್ಲಿನಂತೆ ಮಾದರಿಯಾಗಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿ 2024ರ ‘ಬಿಗ್ ಡಾಗ್ಸ್’ ಹಾಡಿನಿಂದ ಜಗತ್ತಿಗೆ ಪರಿಚಿತನಾದ ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ ಅದೇ ವರ್ಷ ಖಳಪಾತ್ರದಲ್ಲಿ ತೆರೆಗೆ ಬಂದದ್ದು ಆಶಿಕ್ ಅಬು ನಿರ್ದೇಶಿಸಿದ ಮಲಯಾಳಂ ಚಿತ್ರ ‘ರೈಫಲ್ ಕ್ಲಬ್’ ಮೂಲಕ.